ದೊರೆ ಕೊಟ್ಟ ಗಾಳದ ಕೋಲು

ಕಳೆದ ವರ್ಷ ಶಿವರಾತ್ರಿಗೆ ಊರಿಗೆ ಹೋದಾಗ ದೊಡ್ಡಪ್ಪನ ಮನೆಯ ಅಟ್ಟ ಖಾಲಿ ಮಾಡುವ ಕೆಲಸ ನಡೆದಿತ್ತು. ಬಾಳೆಹೊನ್ನೂರಿನ ಕಡೆಯ ಹಳೇ ಹೆಂಚಿನ ಮನೆ ಅದು. ಎರಡು ಮಳೆಗಾಲದಿಂದ ಸೋರುತ್ತಿತ್ತು. ಪಕಾಸು, ರೀಪು ಎಲ್ಲ ಬದಲಿಸಬೇಕಿತ್ತು. ಮುರಿದ ತೊಟ್ಟಿಲು, ತಾಮ್ರದ ಹಂಡೆ, ಕಾಫಿ ಎಸ್ಟೇಟಿನ ಲೆಕ್ಕದ ಪುಸ್ತಕಗಳ ಜೊತೆಗೆ ಉದ್ದನೆಯ ಕ್ಯಾನ್ವಾಸ್ ಚೀಲವೊಂದು ಕೆಳಗಿಳಿಯಿತು. ಅದರೊಳಗೆ ಗಾಳದ ಕೋಲು.

ಆ ಕೋಲಿನ ಕಥೆ ನಮ್ಮ ಮನೆಯ ಮಕ್ಕಳಿಗೆಲ್ಲ ಬಾಯಿಪಾಠ. ಅಜ್ಜ ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಸ್ವಾತಂತ್ರ್ಯ ಬಂದ ಮೇಲೆ ಇಂಗ್ಲಿಷ್ ದೊರೆ ತೋಟ ಮಾರಿ ಸೀಮೆಗೆ ಹೊರಟಾಗ, ಅಜ್ಜನ ಪ್ರಾಮಾಣಿಕತೆಗೆ ಮೆಚ್ಚಿ ತನ್ನ ಹಾರ್ಡಿ ಕೋಲನ್ನು ಕೈಯಾರೆ ಕೊಟ್ಟುಹೋದನಂತೆ. ‘ಹಾರ್ಡಿ’ ಎಂಬ ಶಬ್ದವನ್ನು ನಾವು ಅರ್ಥ ತಿಳಿಯದೆಯೇ ಹೆಮ್ಮೆಯಿಂದ ಹೇಳುತ್ತಿದ್ದೆವು.

ಚಿಕ್ಕಪ್ಪ ಆಗಲೇ ಹಳೇ ಸಾಮಾನಿನ ವ್ಯಾಪಾರಿಯೊಬ್ಬನಿಗೆ ಫೋಟೊ ಕಳಿಸಿದ್ದರು. ಅವನು ಹೇಳಿದ ಬೆಲೆಗೆ ಮಾಡಿನ ಕೆಲಸ ಮುಕ್ಕಾಲು ಪಾಲು ಮುಗಿಯುತ್ತಿತ್ತು. ಒಂದೇ ಷರತ್ತು: ಇದು ಹಾರ್ಡಿ ಎಂದು ನಾವು ಬರೆದುಕೊಡಬೇಕು. ‘ನೀನು ಕಂಪ್ಯೂಟರ್ ಓದಿದವನು, ಇಂಗ್ಲಿಷಲ್ಲಿ ಚೆನ್ನಾಗಿ ಬರ್ಕೊಡು’ ಎಂದು ಚಿಕ್ಕಪ್ಪ ಚೀಲವನ್ನು ನನ್ನ ಕೈಗಿಟ್ಟರು. ಹೀಗೆ ಆ ಕೋಲು ನನ್ನೊಡನೆ ರೈಲು ಹತ್ತಿ ಥಾಣೆಗೆ ಬಂತು.

ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್ ಪರೀಕ್ಷೆ. ಯಾರು ಏನೇ ಹೇಳಿದರೂ ಪುರಾವೆ ಎಲ್ಲಿ ಎಂದು ಕೇಳುವುದಕ್ಕೇ ನನಗೆ ಸಂಬಳ. ಆದರೆ ಅಜ್ಜನ ಕಥೆಗೆ ಪುರಾವೆ ಕೇಳಬೇಕಾಗಿ ಬಂದಾಗ ಮನಸ್ಸು ಹಿಂಜರಿಯಿತು.

ಮೊದಲು ಇದು ಯಾವ ಬಗೆಯ ಕೋಲು ಎಂದು ನೋಡಬೇಕು. ಇದರಲ್ಲಿ ರೀಲು ಕೂರುವ ಜಾಗ ಹಿಡಿಕೆಯ ಕೆಳಗೆ, ಬುಡದ ತುದಿಯಲ್ಲಿದೆ. ಅದು ಫ್ಲೈ ಗಾಳದ ಗುರುತು. ಈ ಗಾಳಕ್ಕೆ ಎರೆಹುಳ ಸಿಕ್ಕಿಸುವುದಿಲ್ಲ. ಗರಿ, ರೇಷ್ಮೆ, ಕೂದಲು ಸುತ್ತಿ ಮಾಡಿದ ಹುಸಿ ಹುಳವನ್ನು ಕಟ್ಟುತ್ತಾರೆ. ಹುಳಕ್ಕೆ ತೂಕವೇ ಇಲ್ಲದ್ದರಿಂದ ದಾರದ ತೂಕದಿಂದಲೇ ಬೀಸಬೇಕು. ಹಾಗಾಗಿ ಕೋಲು ಉದ್ದವಾಗಿಯೂ ತೆಳ್ಳಗೂ ಇದ್ದು, ಬಾಗಿ ಮತ್ತೆ ನೆಟ್ಟಗಾಗಬೇಕು.

ಎರಡನೆಯದು ಮರ. ಹಿಂದೆ ಗ್ರೀನ್‌ಹಾರ್ಟ್ ಎಂಬ ದಕ್ಷಿಣ ಅಮೆರಿಕದ ಗಟ್ಟಿ ಮರದ ಕೋಲುಗಳಿದ್ದವು. ಅವು ದುಂಡಗೆ, ಕಪ್ಪುಗಂದು ಬಣ್ಣಕ್ಕೆ, ಭಾರವಾಗಿರುತ್ತವೆ. ನಮ್ಮದು ಹಾಗಿಲ್ಲ. ಬೆರಳ ನಡುವೆ ಹೊರಳಿಸಿದರೆ ಆರು ಮುಖ ಸಿಗುತ್ತದೆ. ಅಂದರೆ ಬಿದಿರನ್ನು ಸೀಳಿ, ತ್ರಿಕೋನಾಕಾರದ ಆರು ಪಟ್ಟಿಗಳಾಗಿ ಹೆರೆದು, ಗಟ್ಟಿಯಾದ ಹೊರಮೈ ಹೊರಗೇ ಇರುವಂತೆ ಅಂಟಿಸಿದ ಕೋಲು. ಪಟ್ಟಿಗಳು ತುದಿಯ ಕಡೆಗೆ ಕ್ರಮವಾಗಿ ಸಣ್ಣವಾಗುತ್ತಾ ಹೋಗಬೇಕು. ಕೋಲಿನ ಗುಣವೆಲ್ಲ ಈ ಇಳಿಜಾರಿನಲ್ಲೇ ಇದೆ.

ಈ ಬಿದಿರಿಗೂ ನಮ್ಮ ದೇಶಕ್ಕೂ ನಂಟಿದೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸ್ಯಾಮ್ಯುಯೆಲ್ ಫಿಲಿಪ್ ಎಂಬ ಬಂದೂಕು ಕೆಲಸಗಾರ 1840ರ ದಶಕದಲ್ಲಿ ಸೀಳು ಬಿದಿರಿನ ಕೋಲು ಮಾಡತೊಡಗಿದ. ಮುಂದೆ ಮೇಯ್ನ್ ರಾಜ್ಯದ ಹೈರಮ್ ಲೆನರ್ಡ್ ಆರು ಪಟ್ಟಿಗಳ ಕೋಲನ್ನು ಯಂತ್ರದ ನೆರವಿನಿಂದ ಹೆಚ್ಚು ಸಂಖ್ಯೆಯಲ್ಲಿ ತಯಾರಿಸಿದ. ಇವರೆಲ್ಲ ಬಳಸಿದ್ದು ಭಾರತದ ಬಿದಿರನ್ನು. ಕಲ್ಕತ್ತಾ ಬಂದರಿನಿಂದ ಹೋಗುತ್ತಿದ್ದ ಕಾರಣ ಅದಕ್ಕೆ ‘ಕಲ್ಕತ್ತಾ ಕೇನ್’ ಎಂದೇ ಹೆಸರಾಯಿತು. ಅದರ ಮೈಮೇಲೆ ಸುಟ್ಟ ಕಲೆಗಳಿರುತ್ತವೆ, ಹಳೇ ಕೋಲುಗಳಲ್ಲಿ ಅದೇ ಮುಖ್ಯ ಗುರುತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಟೊಂಕಿನ್ ಬಿದಿರು ಅದರ ಜಾಗಕ್ಕೆ ಬಂತು. 1931ರಲ್ಲಿ ಸಸ್ಯಶಾಸ್ತ್ರಜ್ಞ ಮೆಕ್ಲೂರ್ ಅದಕ್ಕೆ ‘ಅಮಾಬಿಲಿಸ್’ ಎಂದು ಹೆಸರಿಟ್ಟ. ಲ್ಯಾಟಿನ್‌ನಲ್ಲಿ ಹಾಗೆಂದರೆ ಪ್ರೀತಿಗೆ ಅರ್ಹವಾದದ್ದು ಎಂದರ್ಥ. 1950ರಲ್ಲಿ ಅಮೆರಿಕ ಚೀನಾದೊಂದಿಗಿನ ವ್ಯಾಪಾರ ನಿಲ್ಲಿಸಿದಾಗ ಅಲ್ಲಿನ ತಯಾರಕರಿಗೆ ಈ ಬಿದಿರು ಸಿಗದಾಯಿತು. ಅಷ್ಟರಲ್ಲಿ ಫೈಬರ್ ಗ್ಲಾಸ್ ಕೋಲುಗಳೂ ಬಂದಿದ್ದವು.

ನಮ್ಮ ಕೋಲಿನ ಮೇಲೆ ಸುಟ್ಟ ಕಲೆಗಳಿಲ್ಲ. ಒಣಹುಲ್ಲಿನ ಬಣ್ಣ, ನೇರವಾದ ನಾರು. ಟೊಂಕಿನ್ ಎನ್ನಬಹುದು. ಇದೊಂದರಿಂದಲೇ ತೀರ್ಮಾನಕ್ಕೆ ಬರಬಾರದು. ಚಂದಕ್ಕೆಂದು ಟೊಂಕಿನ್ ಬಿದಿರನ್ನೂ ಬೆಂಕಿಗೆ ಹಿಡಿದು ಕಲೆ ಮೂಡಿಸಿದವರಿದ್ದಾರೆ.

ಮೂರನೆಯದು ದಾರದ ಸುತ್ತು. ಇದರ ಮೈಮೇಲೆ ಅಂಗುಲಕ್ಕೊಂದರಂತೆ ಹಸಿರು ರೇಷ್ಮೆಯ ಸಣ್ಣ ಸುತ್ತುಗಳಿವೆ. ಇವು ಬರೀ ಅಲಂಕಾರಕ್ಕಲ್ಲ. ಪ್ರಾಣಿಜನ್ಯ ಅಂಟು ನೀರು ಕುಡಿದರೆ ಬಿಟ್ಟುಕೊಳ್ಳುತ್ತಿತ್ತು. ಪಟ್ಟಿಗಳು ಬಾಯಿ ಬಿಡದಿರಲಿ ಎಂದು ಉದ್ದಕ್ಕೂ ಸುತ್ತುತ್ತಿದ್ದರು. ನೀರಿಗೆ ಜಗ್ಗದ ಹೊಸ ಅಂಟುಗಳು ಬಂದ ಮೇಲೆ ಈ ನಡುಸುತ್ತುಗಳು ಮಾಯವಾದವು. ಒತ್ತೊತ್ತಾಗಿ ಸುತ್ತಿದ್ದರೆ ಕೋಲು ಹಳೆಯದಿರುವ ಸಾಧ್ಯತೆ ಹೆಚ್ಚು.

ಇನ್ನು ಹಾರ್ಡಿಯ ಮಾತು. ಇಂಗ್ಲೆಂಡಿನ ಉತ್ತರಕ್ಕಿರುವ ಆನಿಕ್ ಊರಿನಲ್ಲಿ ವಿಲಿಯಂ ಹಾರ್ಡಿ 1872ರಲ್ಲಿ ಬಂದೂಕಿನ ಅಂಗಡಿ ತೆರೆದ. ತಮ್ಮ ಜಾನ್ ಜೇಮ್ಸ್ ಜೊತೆಗೂಡಿದ. ಇಬ್ಬರೂ ಸೇರಿ ಗಾಳದ ಸಾಮಾನಿನಲ್ಲಿ ಜಗತ್ತಿಗೇ ಹೆಸರಾದರು. ಅವರ ಸೀಳು ಬಿದಿರಿನ ಕೋಲುಗಳಿಗೆ ‘ಪಲಕೋನ’ ಎಂಬ ನೋಂದಾಯಿತ ಹೆಸರು. ಹಿಡಿಕೆಯ ಮೇಲ್ಗಡೆ ಬಿದಿರಿನ ಮೇಲೆಯೇ ಶಾಯಿಯಲ್ಲಿ ಹೆಸರು ಬರೆದು ವಾರ್ನಿಶ್ ಹೊಡೆಯುತ್ತಿದ್ದರು. ಕ್ರಮಸಂಖ್ಯೆಯನ್ನೂ ಒತ್ತುತ್ತಿದ್ದರು. ಅವರ ಅನೇಕ ಕೋಲುಗಳಲ್ಲಿ ತುಂಡುಗಳನ್ನು ತಿರುಗಿಸಿ ಬಿಗಿಮಾಡುವ ‘ಲಾಕ್‌ಫಾಸ್ಟ್’ ಎಂಬ ಜೋಡಣೆಯಿತ್ತು.

ನಮ್ಮ ಕೋಲಿನಲ್ಲಿ ಬರವಣಿಗೆಯಿಲ್ಲ, ಸಂಖ್ಯೆಯಿಲ್ಲ, ಲಾಕ್‌ಫಾಸ್ಟ್ ಇಲ್ಲ. ಒಂದು ತುಂಡು ಇನ್ನೊಂದರೊಳಗೆ ಬಿಗಿಯಾಗಿ ಕೂರುವ ಸಾದಾ ಕೊಳವೆಗಳಷ್ಟೆ. ಒಂದು ಗುರುತು ಇಲ್ಲದಿದ್ದರೆ ಅಳಿಸಿಹೋಗಿರಬಹುದು ಎನ್ನೋಣ. ಮೂರೂ ಇಲ್ಲವೆಂದರೆ?

ಉಳಿದಿದ್ದು ಬುಡದ ಲೋಹದ ಟೋಪಿ. ವ್ಯಾಪಾರಿಗೆ ಹೊಳೆಯುವಂತೆ ತೋರಿಸಲು ಚಿಕ್ಕಪ್ಪ ಅದನ್ನು ಹುಣಸೆಹಣ್ಣು ಹಾಕಿ ಉಜ್ಜಿದ್ದರು. ಹಳೇ ವಸ್ತುವನ್ನು ಗುರುತಿಸುವ ಮೊದಲು ಉಜ್ಜಬಾರದು. ಅಕ್ಷರ ಸವೆದರೆ ಮತ್ತೆ ಬರುವುದಿಲ್ಲ. ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಒಂದು ಪಕ್ಕದಿಂದ ಓರೆಯಾಗಿ ಹಿಡಿದೆ. ತೆಳು ಕಾಗದ ಹೊದಿಸಿ ಪೆನ್ಸಿಲ್ ತಿಕ್ಕಿದೆ. ನಿಧಾನಕ್ಕೆ ಮೂಡಿತು: ಎ. ಅಂಡ್ ಎನ್., ಸಿ.ಎಸ್.ಎಲ್.

ಆರ್ಮಿ ಅಂಡ್ ನೇವಿ ಕೋ-ಆಪರೇಟಿವ್ ಸೊಸೈಟಿ ಲಿಮಿಟೆಡ್. ಸೇನೆಯ ಅಧಿಕಾರಿಗಳು 1871ರಲ್ಲಿ ಲಂಡನ್ನಿನಲ್ಲಿ ಕಟ್ಟಿದ ಸಹಕಾರಿ ಅಂಗಡಿ. ಕ್ಯಾಟಲಾಗ್ ನೋಡಿ ಕಾಗದ ಬರೆದರೆ ಟೆಂಟಿನಿಂದ ಟೀ ಕಪ್ಪಿನವರೆಗೆ ಎಲ್ಲವನ್ನೂ ಕಳಿಸುತ್ತಿತ್ತು. 1891ರಲ್ಲಿ ಬೊಂಬಾಯಿಯಲ್ಲಿ ಶಾಖೆ ತೆರೆಯಿತು. 1934ರಲ್ಲಿ ಅದರ ಹೆಸರು ಬದಲಾಗಿ ಕೋ-ಆಪರೇಟಿವ್ ಹೋಗಿ ಸ್ಟೋರ್ಸ್ ಬಂತು. ಆದ್ದರಿಂದ ಈ ಮುದ್ರೆಯ ಕೋಲು ಅದಕ್ಕೂ ಹಿಂದಿನದು.

ಆದರೆ ಇದು ಅಂಗಡಿಯ ಹೆಸರು, ಮಾಡಿದವರ ಹೆಸರಲ್ಲ. ಸೂಜಿಗೂ ಗಾಳದ ಕೊಕ್ಕೆಗೂ ಹೆಸರಾದ ರೆಡ್ಡಿಚ್ ಊರಿನ ಆಲ್‌ಕಾಕ್, ಮಿಲ್‌ವರ್ಡ್‌ನಂಥ ಕಂಪನಿಗಳು ತಮ್ಮ ಹೆಸರಿನಲ್ಲಿ ಮಾರುತ್ತಿದ್ದವು. ಹೆಸರೇ ಹಾಕದೆ ಅಂಗಡಿಗಳಿಗೆ ಮಾಡಿಕೊಡುವ ಕೆಲಸಗಾರರೂ ಇದ್ದರು. ಕೋಲಿನ ಮೇಲೆ ಬೀಳುತ್ತಿದ್ದದ್ದು ಮಾರಿದವನ ಮುದ್ರೆ. ನಮ್ಮಲ್ಲಿ ವನಸ್ಪತಿಯೆಲ್ಲ ಡಾಲ್ಡಾ ಆದಂತೆ, ತೋಟಗಳ ಕಡೆ ಸೀಮೆಯ ಕೋಲೆಲ್ಲ ಹಾರ್ಡಿ ಆಗಿರಬೇಕು.

ಇನ್ನೂ ಒಂದು ಗುರುತು ಉಳಿದಿತ್ತು. ತುದಿಯ ತುಂಡಿನಲ್ಲಿ ಹಸಿರು ರೇಷ್ಮೆಯ ನಡುವೆ ಒಂದು ಕಡೆ ಎರಡಂಗುಲ ಉದ್ದಕ್ಕೆ ದಪ್ಪ ಕೆಂಪು ದಾರ. ಕೆಳಗೆ ಬಿದಿರು ಮುರಿದು ಜೋಡಿಸಿದ್ದು ಬೆರಳಿಗೆ ಗೊತ್ತಾಗುತ್ತದೆ. ಮಾರುಕಟ್ಟೆಯ ಲೆಕ್ಕದಲ್ಲಿ ಇದು ಬೆಲೆ ಇಳಿಸುವ ಊನ.

ದೊಡ್ಡಪ್ಪನಿಗೆ ಈಗ ಎಂಬತ್ತಾರು. ಫೋನ್ ಮಾಡಲು ಎರಡು ದಿನ ತೆಗೆದುಕೊಂಡೆ. ಕಡೆಗೆ ಭಾನುವಾರ ಬೆಳಿಗ್ಗೆ ಹೇಳಿದೆ. ‘ದೊಡ್ಡಪ್ಪ, ಇದು ಹಾರ್ಡಿ ಅಲ್ಲ. ಅಂಗಡಿಯ ಸಾದಾ ಕೋಲು. ದೊರೆ ಕೊಟ್ಟಿದ್ದು ಸುಳ್ಳು ಅಂತ ಅಲ್ಲ, ಆದ್ರೆ...’

ಅತ್ತ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ನಗು ಕೇಳಿಸಿತು.

‘ದೊರೆ ಕೊಟ್ಟಿದ್ದೂ ಅಲ್ಲ ಕಣೋ. ಬಂಗ್ಲೆ ಸಾಮಾನು ಹರಾಜು ಹಾಕಿದ್ರಲ್ಲ, ಅಪ್ಪಯ್ಯ ಹದಿನೈದು ರೂಪಾಯಿ ಕೊಟ್ಟು ಹಿಡಿದಿದ್ದು. ಆ ತಿಂಗಳ ಅಕ್ಕಿ ದುಡ್ಡು ಅದು. ಅವ್ವಂಗೆ ಗೊತ್ತಾದ್ರೆ ಮನೇಲಿ ಕುರುಕ್ಷೇತ್ರ. ದೊರೆ ಕೊಟ್ಟಿದ್ದು ಅಂತ ಹೇಳು ಅಂತ ನಂಗೆ ಆಣೆ ಹಾಕಿಸಿದ್ರು. ನಂಗೆ ಆಗ ಎಂಟೋ ಒಂಬತ್ತೋ.’

ಕೆಂಪು ದಾರ? ಮೊದಲ ಮಳೆಗಾಲದಲ್ಲೇ ಭದ್ರೆಯ ಬಂಡೆಗೆ ತಾಗಿ ತುದಿ ಮುರಿಯಿತಂತೆ. ಲೆಕ್ಕದ ಪುಸ್ತಕ ಹೊಲಿಯುವ ದಾರ ಸುತ್ತಿ, ಮೇಲೆ ಅರಗು ಕಾಯಿಸಿ ಬಳಿದು ಅಜ್ಜನೇ ರಿಪೇರಿ ಮಾಡಿದರಂತೆ. ‘ಅದ್ರಲ್ಲಿ ಒಂದು ಮೀನೂ ಹಿಡೀಲಿಲ್ಲ ಅನ್ನು. ಸಂಜೆ ಹೊತ್ತು ಹೊಳೆ ಹತ್ರ ನಿಂತು ಬೀಸ್ತಿದ್ರು, ಅಷ್ಟೆ. ಅದೇ ಒಂದು ಖುಷಿ ಅವ್ರಿಗೆ.’

ಅಜ್ಜಿ ಹೋಗಿ ಮೂವತ್ತು ವರ್ಷವಾಯಿತು. ದೊಡ್ಡಪ್ಪ ಅಲ್ಲಿಯವರೆಗೂ, ಆಮೇಲೂ ಆ ಆಣೆಯನ್ನು ಉಳಿಸಿಕೊಂಡಿದ್ದರು.

ವ್ಯಾಪಾರಿಗೆ ಇದ್ದದ್ದನ್ನು ಇದ್ದಂತೆ ಬರೆದು ಕಳಿಸಿದೆ: ಆರ್ಮಿ ಅಂಡ್ ನೇವಿ ಅಂಗಡಿಯದು, 1934ಕ್ಕೆ ಮುಂಚಿನದು, ತುದಿ ರಿಪೇರಿಯಾಗಿದೆ. ಅವನು ಬೆಲೆಯನ್ನು ಅರ್ಧಕ್ಕಿಂತ ಕೆಳಗಿಳಿಸಿದ. ಚಿಕ್ಕಪ್ಪ ಒಂದು ವಾರ ನನ್ನೊಡನೆ ಮಾತು ಬಿಟ್ಟರು. ಆಮೇಲೆ ನಾವು ಆರು ಜನ ಮೊಮ್ಮಕ್ಕಳು ಕೈಲಾದಷ್ಟು ಹಾಕಿ, ಮೇ ತಿಂಗಳ ಕೊನೆಗೆ ಹೊಸ ಹೆಂಚು ಹೊದಿಸಿದೆವು. ಕೋಲು ಮಾರಲಿಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಇದ್ದರೆ ಉಜ್ಜಬೇಡಿ, ಹೊಸ ವಾರ್ನಿಶ್ ಹೊಡೆಯಬೇಡಿ. ಜಂಗು ಹಿಡಿದ ಜೋಡಣೆಯನ್ನು ತಿರುಚಿ ಎಳೆಯಬೇಡಿ, ಬಿದಿರು ಸೀಳೀತು. ತುಂಡುಗಳ ಉದ್ದ ಅಳೆಯಿರಿ. ಒಂದು ಮಾತ್ರ ಗಿಡ್ಡವಾಗಿದ್ದರೆ ಮುರಿದಿದೆ ಎಂದರ್ಥ. ಒದ್ದೆ ಚೀಲದಲ್ಲಿ ಇಡಬೇಡಿ, ಗೋಡೆಗೆ ಓರೆಯಾಗಿ ನಿಲ್ಲಿಸಿದರೆ ಬಾಗಿ ಹಾಗೆಯೇ ಉಳಿಯುತ್ತದೆ. ಮನೆಯ ಹಿರಿಯರನ್ನೂ ಒಮ್ಮೆ ಕೇಳಿ, ಆದಷ್ಟು ಬೇಗ.

ಕಾಲಾ ಘೋಡಾದ ಆರ್ಮಿ ಅಂಡ್ ನೇವಿ ಕಟ್ಟಡದ ಮುಂದೆ ಹನ್ನೆರಡು ವರ್ಷದಿಂದ ಆಫೀಸಿಗೆ ಹೋಗಿ ಬರುತ್ತಿದ್ದೇನೆ. ಒಮ್ಮೆಯೂ ತಲೆಯೆತ್ತಿ ಹೆಸರು ಓದಿರಲಿಲ್ಲ. ಕಳೆದ ತಿಂಗಳು ಮಗಳನ್ನು ಕರೆದುಕೊಂಡು ಹೋಗಿ ತೋರಿಸಿದೆ. ‘ಮುತ್ತಜ್ಜ ಇಲ್ಲೇ ಕೊಂಡ್ರಾ?’ ಎಂದು ಕೇಳಿದಳು. ಇಲ್ಲ, ಹರಾಜಿನಲ್ಲಿ, ಹದಿನೈದು ರೂಪಾಯಿಗೆ, ಮುತ್ತಜ್ಜಿಗೆ ಹೇಳದೆ ಎಂದೆ. ಅವಳಿಗೆ ದೊರೆಯ ಕಥೆಗಿಂತ ಇದೇ ಹೆಚ್ಚು ಇಷ್ಟವಾಯಿತು.