ವಿಡಿಯೋ ಗೇಮ್ ಯಂತ್ರವೂ ಗೃಹಸ್ಥರ ವಿವೇಕವೂ

ಬೆಳೆಯುತ್ತಿರುವ ಮಕ್ಕಳುಳ್ಳ ಮನೆಗೆ ಎಂತಹ ವಿಡಿಯೋ ಗೇಮ್ ಯಂತ್ರವನ್ನು ಕೊಳ್ಳಬೇಕೆಂಬ ವಿಷಯವಾಗಿ ಬರೆಯಲು, ಬಾಳಿನ ಬಹುಭಾಗವನ್ನು ಶಬ್ದರೂಪ ಧಾತುರೂಪಗಳನ್ನು ಒಪ್ಪಿಸಿಕೊಳ್ಳುವುದರಲ್ಲಿಯೇ ಕಳೆದ ನನ್ನಂತಹ ನಿವೃತ್ತ ಉಪಾಧ್ಯಾಯನಿಗೆ ಅಧಿಕಾರವೇನೆಂದು ವಾಚಕರು ಕೇಳಬಹುದು. ಕೇಳುವುದು ನ್ಯಾಯವೇ ಸರಿ. ಅಧಿಕಾರವೇನೂ ಇಲ್ಲ, ಅನುಭವವುಂಟು. ಅದೂ ಮೊದಲು ಎಡವಿ, ಆಮೇಲೆ ಎದ್ದು ನಡೆದವನ ಅನುಭವ. ನಾಲ್ಕು ಮನೆಗಳಿಗೆ ಉಪಯೋಗವಾದೀತೆಂದು ಅದನ್ನು ಇಲ್ಲಿ ನಿವೇದಿಸುತ್ತೇನೆ.

ಈ ಯಂತ್ರಗಳನ್ನು ನಾನು ಮೊದಲು ಕಂಡುದು ೧೯೯೦ರ ದಶಕದಲ್ಲಿ. ಜಪಾನಿನ ಕ್ಯೋಟೋ ನಗರದಲ್ಲಿ ೧೮೮೯ರಲ್ಲಿ ಇಸ್ಪೀಟಿನಂತಹ ಆಟದ ಎಲೆಗಳನ್ನು ಮಾಡಿ ಮಾರುವುದಕ್ಕಾಗಿ ಹುಟ್ಟಿದ ನಿಂಟೆಂಡೊ ಸಂಸ್ಥೆಯು ೧೯೮೩ರಲ್ಲಿ ‘ಫ್ಯಾಮಿಕಾಮ್’ ಎಂಬ ಯಂತ್ರವನ್ನು ಹೊರತಂದಿತು. ‘ಕುಟುಂಬದ ಕಂಪ್ಯೂಟರ್’ ಎಂಬುದೇ ಆ ಹೆಸರಿನ ಅರ್ಥ. ಅದರ ನಕಲುಗಳು ನಮ್ಮ ಊರುಗಳಿಗೂ ಬಂದು, ಪೇಟೆಯ ಬೀದಿಗಳಲ್ಲಿ ಗಂಟೆಗೆ ಇಷ್ಟೆಂದು ಹಣ ಪಡೆದು ಮಾರಿಯೋ, ಕಾಂಟ್ರಾ ಮೊದಲಾದುವನ್ನು ಆಡಿಸುವ ಅಂಗಡಿಗಳು ತೆರೆದುವು. ಒಂದು ಸಂಜೆ ನಮ್ಮ ಶಾಲೆಯ ಎಂಟನೆಯ ತರಗತಿಯ ಹುಡುಗನೊಬ್ಬನನ್ನು ಅಂತಹ ಅಂಗಡಿಯಿಂದ ಕಿವಿ ಹಿಡಿದು ಎಳೆತಂದು, ಮರುದಿನ ಎಲ್ಲರ ಮುಂದೆ ನಿಲ್ಲಿಸಿ ಬೈದೆನು. ಅವನು ಅಲ್ಲಿ ಆಡುತ್ತಿರಲಿಲ್ಲ. ಕೈಯಲ್ಲಿ ಕಾಸಿಲ್ಲದೆ, ಇತರರು ಆಡುವುದನ್ನು ನೋಡುತ್ತ ಬಾಗಿಲಲ್ಲಿ ನಿಂತಿದ್ದನೆಂಬುದು ಬಳಿಕ ತಿಳಿಯಿತು. ತಿಳಿದ ಮೇಲೂ ನಾನು ಅವನೊಡನೆ ಒಂದು ಒಳ್ಳೆಯ ಮಾತನ್ನಾಡಲಿಲ್ಲ. ಆಟದ ಯಂತ್ರವೆಂದರೆ ಕೆಟ್ಟುದೆಂಬ ಸಿದ್ಧಾಂತವನ್ನು ಹಿಡಿದು ಮೂವತ್ತು ವರ್ಷಗಳನ್ನು ಕಳೆದೆನು.

ಮೈಸೂರಿನಲ್ಲಿರುವ ನನ್ನ ಮಗಳಿಗೆ ಇಬ್ಬರು ಮಕ್ಕಳು. ಗಂಡಿಗೆ ಹದಿಮೂರು ವರ್ಷ, ಹೆಣ್ಣಿಗೆ ಎಂಟು. ೨೦೨೦ರ ಸಾಂಕ್ರಾಮಿಕ ರೋಗದ ಕಾಲದಲ್ಲಿ ಶಾಲೆಗಳು ಮುಚ್ಚಿ ಪಾಠವು ಫೋನಿಗೆ ಬಂದಿತಷ್ಟೆ. ಪಾಠವು ಶಾಲೆಗೆ ಹಿಂದಿರುಗಿದರೂ ಫೋನು ಹುಡುಗನ ಕೈಯಲ್ಲಿಯೇ ಉಳಿಯಿತು. ಸಂಜೆಯಾದೊಡನೆ ಅವನು ಕೋಣೆ ಸೇರಿ ಕದವಿಕ್ಕಿಕೊಳ್ಳುವನು. ಊಟಕ್ಕೆ ಮೂರು ಸಲ ಕೂಗಬೇಕು. ಒಂದು ತಿಂಗಳು ತಂದೆಯ ಖಾತೆಯಿಂದ ಕೆಲವು ಸಾವಿರ ರೂಪಾಯಿಗಳು ಹೋದುವು. ಯಾವುದೋ ಆಟದೊಳಗೆ ಏನಿದೆಯೆಂದು ತಿಳಿಯದ ಪೆಟ್ಟಿಗೆಗಳನ್ನು ಅವನು ಒಂದಾದ ಮೇಲೊಂದರಂತೆ ಕೊಂಡಿದ್ದನು. ಅದಕ್ಕಿಂತಲೂ ನನ್ನ ಮನಸ್ಸಿಗೆ ನಾಟಿದುದು ಬೇರೊಂದು. ನಾನು ಅಲ್ಲಿಗೆ ಹೋಗಿದ್ದಾಗ ಕಿರಿಯಳು ಆ ಮುಚ್ಚಿದ ಕದದ ಮುಂದೆ ನಿಂತು, “ತಾತ, ಅಣ್ಣ ಯಾವಾಗ ಆಚೆಗೆ ಬರುತ್ತಾನೆ?” ಎಂದು ಕೇಳಿದಳು.

ಅಳಿಯಂದಿರು ಟಿವಿಗೆ ಜೋಡಿಸುವ ಆಟದ ಯಂತ್ರವನ್ನು ತರಬೇಕೆಂದರು. ನಾನು ವಿರೋಧಿಸಿದೆನು. ಅವರು ಶಾಂತವಾಗಿಯೇ, “ಮಾವ, ಫೋನು ಒಬ್ಬರ ಅಂಗೈಯಲ್ಲಿರುತ್ತೆ. ಇದು ನಡುಮನೆಯಲ್ಲಿರುತ್ತೆ. ವ್ಯತ್ಯಾಸವಿಲ್ಲವೆ?” ಎಂದರು. ಆ ರಾತ್ರಿ ನನಗೆ ಅಂಗಡಿಯ ಬಾಗಿಲಲ್ಲಿ ನಿಂತಿದ್ದ ಆ ಹಳೆಯ ಹುಡುಗನ ನೆನಪಾಯಿತು. ಬೆಳಗಾಗುವುದರೊಳಗೆ ನನ್ನ ಸಿದ್ಧಾಂತವು ಸಡಿಲವಾಗಿದ್ದಿತು.

ಆಟವನ್ನು ನಮ್ಮ ಹಿರಿಯರು ಹೀನವೆಂದು ಎಣಿಸಲಿಲ್ಲ. ಇದೇ ಮೈಸೂರನ್ನು ಆಳಿದ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಚದುರಂಗ, ಪಗಡೆಗಳ ಜಾತಿಯ ಹೊಸ ಹೊಸ ಆಟಗಳನ್ನು ಕಲ್ಪಿಸಿದವರು. ಅವರ ಆಶ್ರಯದಲ್ಲಿ ಸಿದ್ಧವಾದ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೌತುಕನಿಧಿಯೆಂಬುದು ಆಟಗಳಿಗಾಗಿಯೇ ಮೀಸಲಾಗಿದೆ. ಆದರೆ ಆಟಕ್ಕೂ ಜೂಜಿಗೂ ನಡುವೆ ಗೆರೆಯನ್ನೆಳೆದವರೂ ಹಿರಿಯರೇ. ಜೂಜುಗಾರನ ಮನೆ ಹಾಳಾದ ಕಥೆಯನ್ನು ಋಗ್ವೇದದ ಹತ್ತನೆಯ ಮಂಡಲದ ಅಕ್ಷಸೂಕ್ತವೇ ಹೇಳುತ್ತದೆ. ಚೌಕಾಬಾರ, ಅಳಗುಳಿಮಣೆ, ಹುಲಿಕುರಿ ಆಟಗಳಲ್ಲಿ ಸೋತವನು ನಕ್ಕು ಏಳುತ್ತಿದ್ದನು. ಅಜ್ಜಿಯೂ ಮೊಮ್ಮಗುವೂ ಒಂದೇ ಮಣೆಯ ಎರಡು ಕಡೆ ಕುಳಿತುಕೊಳ್ಳುತ್ತಿದ್ದರು. ಆದುದರಿಂದ ನಾನು ಯಂತ್ರವನ್ನು ಪರೀಕ್ಷಿಸಲು ಹೊರಟಾಗ ಹಿಡಿದ ಒರೆಗಲ್ಲು ಇದೊಂದೇ: ಇದು ಮನೆಯವರನ್ನು ಒಂದೆಡೆ ಕೂಡಿಸುವುದೋ, ಕೋಣೆ ಕೋಣೆಗೆ ಚದುರಿಸುವುದೋ?

ಪೇಟೆಯಲ್ಲಿ ಹೆಸರಾದ ಯಂತ್ರಗಳು ಮೂರು ಕುಲದವು. ಸೋನಿಯವರ ಪ್ಲೇಸ್ಟೇಷನ್ ೧೯೯೪ರಲ್ಲಿ ಜಪಾನಿನಲ್ಲಿ ಹುಟ್ಟಿತು. ಅದರ ಐದನೆಯ ತಲೆಮಾರು ೨೦೨೧ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದಾಗ ಡಿಸ್ಕ್ ಹಾಕುವ ಮಾದರಿಗೆ ೪೯,೯೯೦ ರೂಪಾಯಿ, ಡಿಸ್ಕ್ ಇಲ್ಲದ ಮಾದರಿಗೆ ೩೯,೯೯೦ ರೂಪಾಯಿ ಬೆಲೆಯಿದ್ದಿತು. ಮೈಕ್ರೋಸಾಫ್ಟಿನವರ ಎಕ್ಸ್‌ಬಾಕ್ಸ್ ೨೦೦೧ರಲ್ಲಿ ಬಂದುದು. ಅದರ ಸರಣಿ ಎಸ್ ಎಂಬ ಚಿಕ್ಕ ಯಂತ್ರವು ೨೦೨೦ರ ನವೆಂಬರಿನಲ್ಲಿ ೩೪,೯೯೦ ರೂಪಾಯಿಗೆ ಇಲ್ಲಿ ದೊರೆಯಿತು. ಆಮೇಲೆ ಬೆಲೆಗಳು ಏರಿವೆ. ನಿಂಟೆಂಡೊ ಸ್ವಿಚ್ ೨೦೧೭ರದು. ಸ್ವಿಚ್ ೨ ಎಂಬುದು ೨೦೨೫ರ ಜೂನಿನಲ್ಲಿ ಬಂದಿತು. ಸ್ವಿಚ್ಚನ್ನು ನಮ್ಮ ವ್ಯಾಪಾರಿಗಳು ಹೊರದೇಶದಿಂದ ತರಿಸಿ ಮಾರುತ್ತ ಬಂದುದರಿಂದ, ಕೆಟ್ಟರೆ ರಿಪೇರಿ ಮಾಡಿಕೊಡುವವರು ಯಾರೆಂಬುದನ್ನು ಹಣ ಕೊಡುವ ಮೊದಲೇ ಕೇಳಿ ಬರೆಯಿಸಿಕೊಳ್ಳತಕ್ಕದ್ದು.

ಚಿತ್ರದ ಸೊಗಸಿನಲ್ಲಿಯೂ ಬಲದಲ್ಲಿಯೂ ಮೊದಲಿನೆರಡು ಮೇಲು. ಹದಿನಾರು ಹದಿನೆಂಟರ ಮಕ್ಕಳು ಮಾತ್ರವೇ ಇರುವ ಮನೆಗೆ ಅವು ಒಪ್ಪಬಹುದು. ಸ್ವಿಚ್ಚಿನ ಬಲವು ಕಡಿಮೆ. ಆದರೆ ಅದರ ಎರಡು ಪಕ್ಕದ ಹಿಡಿಗಳನ್ನು ಕಳಚಿ ಇಬ್ಬರು ಮಕ್ಕಳ ಕೈಗೆ ಒಂದೊಂದನ್ನು ಕೊಡಬಹುದು. ಪೆಟ್ಟಿಗೆ ಬಿಚ್ಚಿದ ದಿನವೇ ಇಬ್ಬರೂ ಆಡುತ್ತಾರೆ. ಪ್ಲೇಸ್ಟೇಷನ್ನಿನೊಡನೆ ಬರುವ ಕಂಟ್ರೋಲರ್ ಒಂದೇ; ಎರಡನೆಯದನ್ನು ಬೇರೆಯಾಗಿ ಕೊಳ್ಳಬೇಕು. ಇನ್ನೊಂದು ಎಚ್ಚರಿಕೆಯುಂಟು. ೨೦೧೯ರಲ್ಲಿ ಬಂದ ‘ಸ್ವಿಚ್ ಲೈಟ್’ ಎಂಬ ಅಗ್ಗದ ಮಾದರಿಯು ಟಿವಿಗೆ ಜೋಡಣೆಯಾಗುವುದಿಲ್ಲ, ಹಿಡಿಗಳೂ ಕಳಚುವುದಿಲ್ಲ. ಹಣ ಉಳಿಯಿತೆಂದು ಅದನ್ನು ತಂದರೆ, ಫೋನಿನ ಬದಲು ಮತ್ತೊಂದು ಫೋನನ್ನೇ ತಂದಂತಾಗುವುದು.

ಯಂತ್ರದ ಬೆಲೆಯೊಂದೇ ಬೆಲೆಯಲ್ಲ. ಹಸುವನ್ನು ಕೊಂಡವನು ಹುಲ್ಲಿನ ಲೆಕ್ಕವನ್ನೂ ಹಾಕಬೇಕು. ೨೦೨೦ರಲ್ಲಿಯೇ ಪ್ಲೇಸ್ಟೇಷನ್ನಿನ ಹೊಸ ಆಟವೊಂದಕ್ಕೆ ೪,೯೯೯ ರೂಪಾಯಿಯವರೆಗೂ ಬೆಲೆಯಿದ್ದಿತು. ದೂರದವರೊಡನೆ ಇಂಟರ್ನೆಟ್ಟಿನಲ್ಲಿ ಆಡಬೇಕಾದರೆ ಬಹುಮಟ್ಟಿಗೆ ಚಂದಾಹಣ ಬೇರೆ. ಡಿಸ್ಕ್ ಇಲ್ಲದ ಯಂತ್ರವು ಕೊಳ್ಳುವಾಗ ಅಗ್ಗ. ಆದರೆ ಡಿಸ್ಕನ್ನಾದರೆ ಆಡಿ ಮುಗಿದ ಮೇಲೆ ಗೆಳೆಯನಿಗೆ ಎರವಲು ಕೊಡಬಹುದು, ಹಳೆಯದನ್ನು ಅರ್ಧ ಬೆಲೆಗೆ ಕೊಳ್ಳಬಹುದು, ಮಾರಬಹುದು. ಡೌನ್‌ಲೋಡ್ ಮಾಡಿದ ಆಟಕ್ಕೆ ಈ ಸೌಲಭ್ಯಗಳಿಲ್ಲ. ಸ್ವಿಚ್ಚಿನ ಆಟಗಳು ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದಾದ ಬಿಲ್ಲೆಗಳಲ್ಲಿ ಬರುತ್ತವೆ. ಪುಟ್ಟ ಮಕ್ಕಳು ನುಂಗದಿರಲೆಂದು ಅವುಗಳಿಗೆ ಬಹು ಕಹಿಯಾದ ಲೇಪವನ್ನು ಹಚ್ಚಿರುತ್ತಾರೆ. ಹಾಗಿದ್ದರೂ ಅವುಗಳನ್ನು ಡಬ್ಬಿಯಲ್ಲಿಟ್ಟು ಎತ್ತರದಲ್ಲಿ ಇಡುವುದು ಲೇಸು. ವಿದ್ಯುತ್ತಿನ ಲೆಕ್ಕವೂ ಉಂಟು. ಪ್ಲೇಸ್ಟೇಷನ್ ೫ ದೊಡ್ಡ ಆಟವನ್ನು ಆಡಿಸುವಾಗ ಟಿವಿಯನ್ನು ಬಿಟ್ಟು ಸುಮಾರು ೨೦೦ ವಾಟ್ ಸೆಳೆಯುತ್ತದೆ. ಅದರ ಬಿಸಿ ಹೊರಹೋಗಬೇಕಾದುದರಿಂದ ಅದನ್ನು ಗಾಜಿನ ಬಾಗಿಲಿನ ಬೀರುವಿನಲ್ಲಿ ಮುಚ್ಚಿಡಬಾರದು.

ಯಾವ ಆಟ ಯಾವ ವಯಸ್ಸಿಗೆ ಎಂಬುದನ್ನು ತಿಳಿಯಲು ಪೆಟ್ಟಿಗೆಯ ಮೂಲೆಯಲ್ಲಿರುವ ಗುರುತನ್ನು ನೋಡಬೇಕು. ಆಟಗಳಲ್ಲಿನ ರಕ್ತಪಾತವನ್ನು ಕುರಿತು ೧೯೯೩ರಲ್ಲಿ ಅಮೆರಿಕದ ಸೆನೆಟ್ ಸಭೆಯಲ್ಲಿ ವಿಚಾರಣೆಯಾದ ಬಳಿಕ, ೧೯೯೪ರಲ್ಲಿ ಅಲ್ಲಿ ಈ ಏರ್ಪಾಡು ಹುಟ್ಟಿತು. ‘ಇ’ ಎಂದಿದ್ದರೆ ಎಲ್ಲರಿಗೂ, ‘ಟಿ’ ಎಂದಿದ್ದರೆ ಹದಿಮೂರು ದಾಟಿದವರಿಗೆ, ‘ಎಂ’ ಎಂದಿದ್ದರೆ ಹದಿನೇಳು ದಾಟಿದವರಿಗೆ. ೨೦೦೩ರಲ್ಲಿ ಬಂದ ಯುರೋಪಿನ ಗುರುತಾದರೋ ೩, ೭, ೧೨, ೧೬, ೧೮ ಎಂಬ ಅಂಕಿಗಳಲ್ಲಿಯೇ ಇರುತ್ತದೆ. ಈ ಅಂಕಿಯು ಆಟದೊಳಗಿನ ವಿಷಯವನ್ನು ತೂಗುವುದೇ ಹೊರತು ಆಟದ ಕಷ್ಟವನ್ನಲ್ಲ. ಹಾಗೆಯೇ ಒಬ್ಬ ಮಗುವಿಗೆ ತಕ್ಕುದು ನಡುಮನೆಯಲ್ಲಿ ಇನ್ನೊಬ್ಬರ ಕಣ್ಣಿಗೂ ಬೀಳುವುದು. ಅಣ್ಣನ ವಯಸ್ಸಿಗೆ ಒಪ್ಪಿದರೂ ತಂಗಿಯ ಎದುರಿನಲ್ಲಿ ಆಡಬಾರದ ಆಟಗಳಿವೆ. ನಡುಮನೆಯಲ್ಲಿ ಕಿರಿಯರ ವಯಸ್ಸೇ ಅಳತೆಯಾಗಬೇಕು.

ಇನ್ನು ಹಣ ಸುಲಿಯುವ ಪೆಟ್ಟಿಗೆಗಳ ವಿಷಯ. ಒಳಗೇನಿದೆಯೆಂದು ತಿಳಿಸದೆ ಮಾರುವ ಇಂತಹ ಪೆಟ್ಟಿಗೆಗಳನ್ನು ಬೆಲ್ಜಿಯಂ ದೇಶದ ಅಧಿಕಾರಿಗಳು ೨೦೧೮ರಲ್ಲಿ ಜೂಜೆಂದೇ ನಿರ್ಣಯಿಸಿದರು. ಅಕ್ಷಸೂಕ್ತವನ್ನು ಓದಿದವನಿಗೆ ಆ ನಿರ್ಣಯವು ಆಶ್ಚರ್ಯವನ್ನುಂಟುಮಾಡುವುದಿಲ್ಲ. ಮೂರು ಕುಲದ ಯಂತ್ರಗಳಲ್ಲಿಯೂ ತಂದೆತಾಯಿಗಳು ಮಕ್ಕಳಿಗೆ ಬೇರೆ ಖಾತೆಯನ್ನು ತೆರೆದು, ಖರ್ಚನ್ನು ತಡೆದು, ವಯಸ್ಸಿನ ಮಿತಿಯನ್ನೂ ಕಾಲದ ಮಿತಿಯನ್ನೂ ಗೊತ್ತುಮಾಡಬಹುದು. ಇದನ್ನು ಯಂತ್ರ ತಂದ ದಿನವೇ, ಮಕ್ಕಳನ್ನು ಪಕ್ಕದಲ್ಲಿ ಕೂಡಿಸಿಕೊಂಡೇ ಮಾಡಬೇಕು. ಕಾರಣವನ್ನು ಹೇಳಿ ಹಾಕಿದ ಬೀಗವನ್ನು ಮಗುವು ಕ್ಷಮಿಸುತ್ತದೆ. ಗುಟ್ಟಾಗಿ ಹಾಕಿದುದನ್ನು ಕ್ಷಮಿಸುವುದಿಲ್ಲ.

ಕಾಲದ ವಿಷಯದಲ್ಲಿ ಅಸಡ್ಡೆ ಸಲ್ಲದು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಅಂಗೀಕರಿಸಿ, ೨೦೨೨ರ ಜನವರಿಯಿಂದ ಜಾರಿಗೆ ತಂದ ರೋಗಗಳ ಪಟ್ಟಿಯಲ್ಲಿ ಆಟದ ವ್ಯಸನವೂ ಸೇರಿದೆ. ಆಟದ ಮೇಲೆ ಹತೋಟಿ ತಪ್ಪುವುದು, ಉಳಿದೆಲ್ಲ ಕೆಲಸಗಳಿಗಿಂತ ಅದೇ ಮುಂದಾಗುವುದು, ಕೇಡು ಕಂಡರೂ ಬಿಡದಿರುವುದು, ಇವು ಅದರ ಲಕ್ಷಣಗಳು. ಸಾಮಾನ್ಯವಾಗಿ ಒಂದು ವರ್ಷ ಕಾಲ ಇವು ಕಂಡುಬಂದರೆ ಅದನ್ನು ರೋಗವೆಂದು ಎಣಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಇಂತಹವರಿಗಾಗಿಯೇ ೨೦೧೪ರಲ್ಲಿ ‘ಷಟ್’ ಎಂಬ ಚಿಕಿತ್ಸಾಲಯವನ್ನು ತೆರೆದರು. ರಜದ ನಾಲ್ಕು ದಿನ ಹೆಚ್ಚಾಗಿ ಆಡಿದ ಮಾತ್ರಕ್ಕೆ ಯಾವ ಮಗುವೂ ರೋಗಿಯಲ್ಲ. ಊಟ, ನಿದ್ರೆ, ಪಾಠ, ಗೆಳೆತನಗಳು ಒಂದೊಂದಾಗಿ ಜಾರುತ್ತಿದ್ದರೆ ಮಾತ್ರ ನಾಚಿಕೆಯನ್ನು ಬಿಟ್ಟು ವೈದ್ಯರನ್ನು ಕಾಣಬೇಕು.

ನಮ್ಮ ಮನೆಯಲ್ಲಿ ಕೊನೆಗೆ ತಂದುದು ಟಿವಿಗೆ ಜೋಡಣೆಯಾಗುವ ಸ್ವಿಚ್. ಹುಡುಗನು ಮೊದಲು ಮುಖ ಗಂಟಿಕ್ಕಿದನು. ಅವನ ಗೆಳೆಯರ ಮನೆಯಲ್ಲಿದ್ದುದು ದೊಡ್ಡ ಯಂತ್ರ. “ಇದು ಚಿಕ್ಕ ಮಕ್ಕಳದು, ತಾತ” ಎಂದನು. ಆದರೆ ‘ಮಾರಿಯೋ ಕಾರ್ಟ್ ೮’ ಎಂಬ ಬಂಡಿ ಓಟದಲ್ಲಿ ನಾಲ್ವರು ಒಂದೇ ಪರದೆಯಲ್ಲಿ ಓಡಬಹುದು. ಬಂಡಿಯು ದಾರಿ ಬಿಟ್ಟು ಬೀಳದಂತೆ ಎಳೆಯರಿಗೆ ಸಹಾಯ ಮಾಡುವ ಅನುಕೂಲವೂ ಅದರಲ್ಲಿದೆ. ಅದರಿಂದ ತಂಗಿಯು ಮೂರನೆಯ ದಿನವೇ ತಂದೆಯನ್ನು ಹಿಂದಕ್ಕೆ ಹಾಕಿದಳು. ೨೦೨೨ರಲ್ಲಿ ಬಂದ ‘ಸ್ವಿಚ್ ಸ್ಪೋರ್ಟ್ಸ್’ನಲ್ಲಿ ಬ್ಯಾಡ್ಮಿಂಟನ್ ಇದೆ, ಹಿಡಿಯನ್ನು ಮುಂಗೈಗೆ ಪಟ್ಟಿಯಿಂದ ಕಟ್ಟಿಕೊಂಡು ತೋಳು ಬೀಸಬೇಕು. ಕಾಲೇಜಿನ ದಿನಗಳಲ್ಲಿ ಆಡಿದ್ದ ನಮ್ಮ ಮನೆಯವರಿಗೆ ಅದನ್ನು ಕಲಿಸಿಕೊಟ್ಟವನು ಆ ಹುಡುಗನೇ. ಅಜ್ಜಿಗೆ ಗುರುವಾದ ಮೇಲೆ ಅವನ ಗಂಟು ಸಡಿಲಿತು.

ನಿಯಮಗಳು ಮೂರು: ಯಂತ್ರವು ನಡುಮನೆಯನ್ನು ಬಿಟ್ಟು ಕದಲಕೂಡದು, ಶಾಲೆಯ ದಿನಗಳಲ್ಲಿ ಮುಕ್ಕಾಲು ಗಂಟೆ ಮಾತ್ರ, ಎಂಟೂವರೆಗೆ ಎಲ್ಲವೂ ಬಂದ್. ಮೊದಲ ವಾರದಲ್ಲಿಯೇ ನಿಯಮವನ್ನು ಮುರಿದವನು ನಾನು. “ಇನ್ನೊಂದೇ ಒಂದು ಓಟ” ಎಂದುದಕ್ಕೆ ಮೊಮ್ಮಗಳು ಗಡಿಯಾರವನ್ನು ತೋರಿಸಿದಳು. ತಲೆ ತಗ್ಗಿಸಿ ಹಿಡಿಯನ್ನು ಕೆಳಗಿಟ್ಟೆನು. ಹುಡುಗನು ಈಗಲೂ ಒಮ್ಮೊಮ್ಮೆ ಫೋನು ಹಿಡಿದು ಕೋಣೆ ಸೇರುವುದುಂಟು. ಯಂತ್ರವು ಮಂತ್ರವಲ್ಲ. ಆದರೆ ಕದವು ತೆರೆದಿರುತ್ತದೆ; ಊಟಕ್ಕೆ ಒಂದು ಸಲ ಕೂಗಿದರೆ ಸಾಕು.

ಇಷ್ಟರಿಂದ ವಾಚಕರಿಗೆ ನಾನು ಹೇಳತಕ್ಕದ್ದೇನೆಂದರೆ: ಅಂಗಡಿಗೆ ಹೋಗುವ ಮೊದಲು ಜಾಗವನ್ನೂ ಹೊತ್ತನ್ನೂ ಜೊತೆಯವರನ್ನೂ ಗೊತ್ತುಮಾಡಿಕೊಳ್ಳಿರಿ, ಆಮೇಲೆ ಯಂತ್ರವನ್ನು ಆರಿಸಿರಿ. ಹಣವು ಉಳಿದರೆ ಇನ್ನೊಂದು ಆಟದ ಬದಲು ಇನ್ನೊಂದು ಜೊತೆ ಹಿಡಿಗಳನ್ನು ಕೊಳ್ಳಿರಿ. ನಾವು ಹಾಗೆ ಕೊಂಡುದು ವ್ಯರ್ಥವಾಗಲಿಲ್ಲ. ಒಂದು ಭಾನುವಾರ ಎದುರು ಕಟ್ಟಡದ ಕಾವಲುಗಾರನ ಮಗನು ನಮ್ಮ ಬಾಗಿಲಲ್ಲಿ ನಿಂತು ಟಿವಿಯನ್ನು ನೋಡುತ್ತಿದ್ದನು. ನಾನು ಎದ್ದು ಹೋಗಿ, ಅವನನ್ನು ಒಳಗೆ ಕರೆದು, ನಾಲ್ಕನೆಯ ಹಿಡಿಯನ್ನು ಅವನ ಕೈಗೆ ಕೊಟ್ಟೆನು.