ಇದು ಮಕ್ಕಳ ಕಾರ್ಟೂನಂತೆ!

ಮೂರನೇ ಕಂತಿಗೇ ಅಸ್ಥಿಪಂಜರ! ನೂರು ವರ್ಷ ಮಂಜುಗಡ್ಡೆಯೊಳಗೆ ನಿದ್ದೆ ಹೋಗಿದ್ದ ಹನ್ನೆರಡರ ಹುಡುಗ ಆಂಗ್ ಆಗಷ್ಟೇ ಎದ್ದಿದ್ದಾನೆ. ಆರು ಕಾಲಿನ ಹಾರುವ ಬೈಸನ್ ಬೆನ್ನೇರಿ, ಹೊಸ ಗೆಳೆಯರನ್ನು ಕೂರಿಸಿಕೊಂಡು, ತಾನು ಬೆಳೆದ ಮಠಕ್ಕೆ ಬರುತ್ತಾನೆ. ಇಲ್ಲಿ ಆಟ ಆಡುತ್ತಿದ್ದೆವು, ನಮ್ಮ ಗುರುಗಳು ಎಂಥ ಕೇಕ್ ಮಾಡುತ್ತಿದ್ದರು ಗೊತ್ತಾ ಅಂತ ಒಂದೇ ಸಮ ಹರಟುತ್ತಾನೆ. ಪರದೆಯೊಂದನ್ನು ಸರಿಸಿದರೆ, ಆ ಗುರು ಗ್ಯಾಟ್ಸೊ ಒಳಗೆ ಕೂತಿದ್ದಾರೆ. ಬರೀ ಮೂಳೆ. ಕೊರಳಲ್ಲಿ ಅದೇ ಸರ. ಸುತ್ತ ಶತ್ರು ಸೈನಿಕರ ಶಿರಸ್ತ್ರಾಣಗಳು ಚೆಲ್ಲಾಡಿವೆ. ಆ ಮೆದು ಮನಸ್ಸಿನ ಮುದುಕ ಸಾಯುವ ಮೊದಲು ಏನು ಮಾಡಿರಬಹುದು ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಗು ಆಂಗ್‌ನ ಅಳು ನೋಡುತ್ತದೆ. ಪಕ್ಕದಲ್ಲಿ ಕೂತ ಅಪ್ಪ ಶಿರಸ್ತ್ರಾಣಗಳನ್ನು ಎಣಿಸುತ್ತಾನೆ.

'ಅವತಾರ್: ದಿ ಲಾಸ್ಟ್ ಏರ್‌ಬೆಂಡರ್'. ಅಮೆರಿಕದ ಮಕ್ಕಳ ಚಾನೆಲ್ ನಿಕೆಲೊಡಿಯನ್‌ನಲ್ಲಿ 2005ರ ಫೆಬ್ರವರಿ 21ಕ್ಕೆ ಶುರುವಾಗಿ 2008ರ ಜುಲೈ 19ಕ್ಕೆ ಮುಗಿದ ಸರಣಿ. ಒಟ್ಟು 61 ಕಂತು. ಇಷ್ಟು ವರ್ಷ ಇದನ್ನು 'ಚಿಕ್ಕವರದು' ಅಂತ ಬದಿಗಿಟ್ಟ ದೊಡ್ಡವರನ್ನು ನೆನೆದರೆ ಅಯ್ಯೋ ಅನ್ನಿಸುತ್ತದೆ. ದೊಡ್ಡವರಿಗೆಂದು ಬೇರೆ ಜೋಕು, ಕಣ್ಣು ಮಿಟುಕಿಸುವ ದ್ವಂದ್ವಾರ್ಥ ಇಲ್ಲಿಲ್ಲ. ಇಬ್ಬರಿಗೂ ಒಂದೇ ದೃಶ್ಯ. ಅದರಲ್ಲಿ ಅವರವರ ವಯಸ್ಸಿಗೆ ತಕ್ಕಷ್ಟು ಕಾಣುತ್ತದೆ, ಅಷ್ಟೆ.

ಹುಟ್ಟಿದ್ದು ಹೇಗೆ ಗೊತ್ತೆ? ಬ್ರಯಾನ್ ಕೊನಿಯೆಟ್ಸ್ಕೊ ಎಂಬ ಕಲಾವಿದನ ಹಾಳೆಯಲ್ಲಿ ಬೋಳು ತಲೆಯ ಮೇಲೆ ಬಾಣದ ಗುರುತಿದ್ದ ಗಂಡಸೊಬ್ಬನ ಚಿತ್ರವಿತ್ತು. ಆತ ಆಕಾಶದಲ್ಲಿ ಬೈಸನ್ ಮಂದೆ ಕಾಯುತ್ತಿದ್ದ! ಅದೇ ಹೊತ್ತಿಗೆ ಗೆಳೆಯ ಮೈಕೆಲ್ ಡಾಂಟೆ ಡಿಮಾರ್ಟಿನೊಗೆ ದಕ್ಷಿಣ ಧ್ರುವದಲ್ಲಿ ಸಿಕ್ಕಿಬಿದ್ದ ಅನ್ವೇಷಕರ ಕತೆಯ ಹುಚ್ಚು. ಎರಡೂ ಸೇರಿ ಹಿಮದಲ್ಲಿ ನೀರಿನವರು, ಅವರ ಮೇಲೆ ಏರಿಬರುವ ಬೆಂಕಿಯವರು, ಆಕಾಶದಿಂದ ಬರುವ ಹುಡುಗ! ನೀರು, ಮಣ್ಣು, ಬೆಂಕಿ, ಗಾಳಿ ಎಂಬ ನಾಲ್ಕು ನಾಡುಗಳ ಲೋಕ ಸಿದ್ಧವಾಯಿತು. ನಾಲ್ಕನ್ನೂ ಪಳಗಿಸಬಲ್ಲವನು ಅವತಾರ ಒಬ್ಬನೇ, ಅವನು ಸತ್ತರೆ ಮುಂದಿನ ನಾಡಿನಲ್ಲಿ ಮತ್ತೆ ಹುಟ್ಟುತ್ತಾನೆ. ಗಾಳಿಯ ನಾಡಿನಲ್ಲಿ ಅವನನ್ನು ಪತ್ತೆಹಚ್ಚುವುದು ಹೀಗೆ: ಮಗುವಿನ ಮುಂದೆ ಸಾವಿರಾರು ಆಟಿಕೆ ಹರಡುತ್ತಾರೆ, ಹಿಂದಿನ ಜನ್ಮದ ನಾಲ್ಕನ್ನು ಅದು ಆರಿಸಿಕೊಳ್ಳಬೇಕು. ಬೈಲುಕುಪ್ಪೆಯ ಟಿಬೆಟನ್ ಹಿರಿಯರನ್ನು ಮಾತಾಡಿಸಿದವರಿಗೆ ಇದು ಎಲ್ಲಿಂದ ಬಂತೆಂದು ಹೇಳಬೇಕಿಲ್ಲ. ದಲೈ ಲಾಮಾರನ್ನು ಗುರುತಿಸಿದ್ದೂ ಹಿಂದಿನವರ ವಸ್ತುಗಳನ್ನು ಮುಂದಿಟ್ಟೇ.

ಹೊಡೆದಾಟಗಳಂತೂ! ಇಲ್ಲಿ ಮಂತ್ರದಂಡವಿಲ್ಲ, ಮಂತ್ರವೂ ಇಲ್ಲ. ನೀರು ಏಳಬೇಕಾದರೆ ಮೈ ಬಳುಕಬೇಕು. ಕಿಸು ಎಂಬ ಕುಂಗ್ ಫೂ ಗುರುವನ್ನು ಕೂರಿಸಿಕೊಂಡು ನಾಲ್ಕು ನಾಡುಗಳಿಗೂ ಚೀನಾದ ನಾಲ್ಕು ನಿಜವಾದ ಸಂಪ್ರದಾಯಗಳ ವರಸೆ ಹಂಚಿದ್ದಾರೆ. ನೀರಿನವರದು ತಾಯ್ ಚಿ: ಎದುರಾಳಿಯ ರಭಸವನ್ನೇ ತಿರುಗಿಸಿ ಅವನ ಮೇಲೆ ಬಿಡು. ಮಣ್ಣಿನವರದು ಹುಂಗ್ ಗಾರ್: ಕಾಲು ಅಗಲಿಸಿ ನೆಲ ಹಿಡಿದು ನಿಲ್ಲು, ಆಮೇಲೆ ಗುದ್ದು. ಬೆಂಕಿಗೆ ಉತ್ತರ ಶಾವೋಲಿನ್‌ನ ನುಗ್ಗಾಟ. ಗಾಳಿಗೆ ಬಾಗುವಾ, ಸುತ್ತು ಹಾಕುತ್ತಾ ಜಾರಿಕೊಳ್ಳುವ ಕಲೆ. ಇಷ್ಟೆಲ್ಲಾ ಯಾಕೆ ಅಂತೀರಾ? ನಿಂತ ಭಂಗಿಯಲ್ಲೇ ಅವರ ಸ್ವಭಾವವನ್ನೂ ಇಟ್ಟಿದ್ದಾರೆ!

ಎರಡನೇ ಭಾಗದ 'ಬಿಟರ್ ವರ್ಕ್' ಕಂತನ್ನು ಎರಡು ಸಲ ನೋಡಿ. ಗಾಳಿ ನಾಡಿನ ಅವತಾರ ಆಂಗ್‌ಗೆ ಮಣ್ಣಿನ ವಿದ್ಯೆ ಹತ್ತುತ್ತಿಲ್ಲ, ಯಾಕೆಂದರೆ ಬಂಡೆ ಉರುಳಿ ಬಂದರೆ ಪಕ್ಕಕ್ಕೆ ಸರಿಯುವುದು ಅವನ ಮೈಗೇ ಅಂಟಿದ ಬುದ್ಧಿ. ಅವನಿಗೆ ಕಲಿಸುವವಳು ಟಾಫ್, ಹನ್ನೆರಡರ ಕುರುಡಿ, ನೆಲದ ಕಂಪನವನ್ನು ಅಂಗಾಲಿನಲ್ಲಿ ಓದಿಯೇ 'ನೋಡುವ' ಗಟ್ಟಿಗಿತ್ತಿ. ಎದುರು ನಿಲ್ಲೋ ಅಂತ ಗದರುತ್ತಾಳೆ. ಅತ್ತ ಬೆಂಕಿ ನಾಡಿನ ಗಡೀಪಾರಾದ ರಾಜಕುಮಾರ ಜುಕೊ, ಸದಾ ನುಗ್ಗುವವನು. ದೊಡ್ಡಪ್ಪ ಐರೋ ಕಡ್ಡಿ ಹಿಡಿದು ಮಣ್ಣಿನ ಮೇಲೆ ಗೀರುತ್ತಾ, ಮೈಮೇಲೆ ಬಿದ್ದ ಸಿಡಿಲನ್ನು ಹಾಯಿಸಿಬಿಡುವ ಬಗೆ ಹೇಳಿಕೊಡುತ್ತಾನೆ. ಬೆರಳ ತುದಿಯಿಂದ ತೋಳು, ಭುಜ, ಅಲ್ಲಿಂದ ಹೊಟ್ಟೆ, ಆಮೇಲೆ ಇನ್ನೊಂದು ಕೈಯಿಂದ ಹೊರಗೆ. ಎದೆಯ ಮೂಲಕ ಮಾತ್ರ ಹಾಯಗೊಡಬೇಡ. ಇದನ್ನು ಐರೋ ಕಲಿತದ್ದು ನೀರಿನವರನ್ನು ನೋಡಿ, ಅಂದರೆ ಶತ್ರುಗಳಿಂದ! ಜಾರುವವನು ನಿಲ್ಲಲು ಕಲಿಯುತ್ತಾನೆ, ನುಗ್ಗುವವನು ಹಾಯಗೊಡಲು ಕಲಿಯುತ್ತಾನೆ, ಅದೂ ಒಂದೇ ಕಂತಿನಲ್ಲಿ. ಮುಂದೊಂದು ದಿನ ಜುಕೊನ ಮೇಲೆ ನಿಜವಾಗಿ ಸಿಡಿಲು ಬಿಡುವವನು ಯಾರು ಬಲ್ಲಿರಾ? ಹೆತ್ತ ಅಪ್ಪ. ಆಗ ನೆರವಿಗೆ ಬರುವುದು ಈ ಪಾಠವೇ.

ಈ ಐರೋ ಇದ್ದಾನಲ್ಲ, ಹೊಟ್ಟೆ ಬಂದ ಚಹಾಪ್ರಿಯ, ಮೊದಲಿಗೆ ಬರೀ ಹಾಸ್ಯಪಾತ್ರ. 'ದಿ ಟೇಲ್ಸ್ ಆಫ್ ಬಾ ಸಿಂಗ್ ಸೇ' ಕಂತಿನಲ್ಲಿ ಅವನ ಪಾಲಿಗೆ ಬರುವುದು ಕೆಲವೇ ನಿಮಿಷ. ಸಂತೆಯಲ್ಲಿ ಒಂದು ಬುಟ್ಟಿ ಕೊಳ್ಳುತ್ತಾನೆ. ಅಳುವ ಮಗುವಿಗೆ, ಯುದ್ಧದಿಂದ ಮನೆಗೆ ಮರಳುವ ಪುಟ್ಟ ಸೈನಿಕನ ಹಾಡು ಹೇಳಿ ನಗಿಸುತ್ತಾನೆ. ದೋಚಲು ಬಂದ ಕಳ್ಳನಿಗೆ, ನೀನು ನಿಂತ ಭಂಗಿಯೇ ಸರಿಯಿಲ್ಲ ಅಂತ ತಿದ್ದಿ, ಕೂರಿಸಿ ಚಹಾ ಕುಡಿಸುತ್ತಾನೆ. ನಾವು ನಗುತ್ತಿರುತ್ತೇವೆ. ಕೊನೆಗೆ ಗುಡ್ಡದ ಮರದಡಿ ಬುಟ್ಟಿ ಬಿಚ್ಚುತ್ತಾನೆ. ಒಳಗಿರುವುದು ಮಗನ ಚಿತ್ರ. ಯುದ್ಧದಲ್ಲಿ ಸತ್ತ ಮಗ, ಅವತ್ತು ಅವನ ಹುಟ್ಟುಹಬ್ಬ. ಅದೇ ಹಾಡು, ಈ ಸಲ ದನಿ ಒಡೆದು. ಇನ್ನೂ ಒಂದಿದೆ! ಆ ಮಗ ಸತ್ತಿದ್ದು ಇದೇ ಬಾ ಸಿಂಗ್ ಸೇ ನಗರದ ಮುತ್ತಿಗೆಯಲ್ಲಿ. 600 ದಿನ ಮುತ್ತಿಗೆ ಹಾಕಿದ್ದ ಸೇನಾಪತಿ ಬೇರಾರೂ ಅಲ್ಲ, ಐರೋನೇ. ತಾನು ಸುಡಲು ಬಂದ ಊರಿನಲ್ಲೇ ಈಗ ತಲೆಮರೆಸಿಕೊಂಡು ಚಹಾ ಸೋಸುತ್ತಿದ್ದಾನೆ. ಐರೋಗೆ ದನಿ ಕೊಟ್ಟಿದ್ದ ಜಪಾನಿ ಮೂಲದ ನಟ ಮಾಕೊ 2006ರ ಜುಲೈನಲ್ಲಿ ತೀರಿಕೊಂಡರು, ಈ ಕತೆಯನ್ನು ಅವರಿಗೇ ಅರ್ಪಿಸಿದ್ದಾರೆ. ನೋಡುವಾಗ ಕೈಯಳತೆಯಲ್ಲಿ ಒಂದು ಟವೆಲ್ ಇರಲಿ.

ಮಗನನ್ನು ನುಂಗಿದ ಆ ಯುದ್ಧ ಊರ ಗೋಡೆಯಾಚೆ ಇನ್ನೂ ನಡೆಯುತ್ತಲೇ ಇದೆ, ಒಳಗೆ ಆ ಮಾತೇ ಎತ್ತುವಂತಿಲ್ಲ. ಎತ್ತಿದವರನ್ನು ಗುಪ್ತ ಪೊಲೀಸರು ಕೆರೆಯ ತಳಕ್ಕೆ ಒಯ್ದು ಮಿದುಳು ತೊಳೆದು ಕಳಿಸುತ್ತಾರೆ. ಮಕ್ಕಳ ಕಾರ್ಟೂನಂತೆ!

ಆಂಗ್‌ಗೆ ಚಕ್ರಗಳ ಪಾಠ ಮಾಡುವ ಗುರು ಪಥಿಕನೂ ಇಲ್ಲಿದ್ದಾನೆ. ಮೂಲಾಧಾರದಿಂದ ಸಹಸ್ರಾರದವರೆಗಿನ ಏಳನ್ನೂ, ಪಾಚಿ ಕಟ್ಟಿದ ತೊರೆಯ ಗುಂಡಿಗಳನ್ನು ಕಡ್ಡಿಯಲ್ಲಿ ಕೆದಕಿ, ನೀರು ಹರಿಸಿ ತೋರಿಸುತ್ತಾನೆ. ಪ್ರವಚನವಾಗಿಬಿಡುತ್ತಿತ್ತು, ಸದ್ಯ, ಅವನು ಕುಡಿಸುವ ಈರುಳ್ಳಿ ಬಾಳೆಹಣ್ಣಿನ ಜ್ಯೂಸು ಕಾಪಾಡಿದೆ.

ಮೊದಲ ಕೆಲವು ಕಂತುಗಳಲ್ಲಿ ಮಕ್ಕಳಾಟ ಜಾಸ್ತಿ, ಅದಕ್ಕೇ ಬಿಟ್ಟುಬಿಡಬೇಡಿ. ಹನ್ನೆರಡನೆಯದು 'ದಿ ಸ್ಟಾರ್ಮ್', ಜುಕೊನ ಮುಖದ ಸುಟ್ಟ ಗಾಯದ ಕತೆ. ಅಲ್ಲಿವರೆಗೆ ಬಂದರೆ ಆಮೇಲೆ ಎಬ್ಬಿಸುವುದು ಮನೆಯವರ ಪಾಡು. 2010ರ ಶ್ಯಾಮಲನ್ ಸಿನಿಮಾ ನೋಡಿ 'ಇಷ್ಟೇನಾ' ಅಂದುಕೊಂಡವರಿಗೆ ನನ್ನ ವಿಶೇಷ ವಿನಂತಿ: ಅದನ್ನು ಮರೆತು ಇದನ್ನು ಹಚ್ಚಿ.

ಮುಗಿಯಲು ನಾಲ್ಕೇ ಕಂತು ಉಳಿದಿರುವಾಗ ಸರಣಿಯವರು ಮಾಡುವ ಕಿತಾಪತಿ ನೋಡಬೇಕು. ಲೋಕ ಉಳಿಯುತ್ತೋ ಇಲ್ಲವೋ ಅನ್ನುವ ಹೊತ್ತಲ್ಲಿ ನಮ್ಮ ನಾಯಕರೆಲ್ಲ ನಾಟಕ ನೋಡಲು ಹೋಗುತ್ತಾರೆ! ಅದು ಅವರದೇ ಕತೆ, ಕೆಟ್ಟದಾಗಿ ಆಡುವ ಕಂಪನಿ. ಸರಣಿಯ ತಂಡದವರು ಹೀಗೆ ತಮ್ಮ ಮೂರೂ ಭಾಗಗಳನ್ನು ತಾವೇ ಗೇಲಿ ಮಾಡಿಕೊಳ್ಳುತ್ತಾರೆ. ರಂಗದ ಮೇಲೆ ಆಂಗ್ ಪಾತ್ರಕ್ಕೆ ಹೆಂಗಸು, ಅವನಿಗೆ ಕೆಂಡಾಮಂಡಲ ಸಿಟ್ಟು. ಟಾಫ್ ಪಾತ್ರಕ್ಕೆ ಕಟ್ಟುಮಸ್ತಾದ ಪೈಲ್ವಾನ. ಇದರೊಳಗೂ ಒಂದು ಗುಟ್ಟು: ಸೃಷ್ಟಿಕರ್ತರು ಮೊದಲು ಟಾಫ್‌ಳನ್ನು ಕಲ್ಪಿಸಿದ್ದೇ ಅಂಥ ದಾಂಡಿಗ ಹುಡುಗನಾಗಿ! ಸಭೆಯಲ್ಲಿ ಕೂತ ಟಾಫ್‌ಗೆ ಮಾತ್ರ ಖುಷಿಯೋ ಖುಷಿ.