ಬಂಡೆಗಳ ನಡುವಿನ ಹಳದಿ ಕೊರಳು

ಭಾನುವಾರದ ಮುಂಜಾವು. ನಂದಿಬೆಟ್ಟದ ಹಾದಿಯಲ್ಲಿ ಕಾರುಗಳೂ ಮೋಟಾರ್ ಸೈಕಲ್ಲುಗಳೂ ಸಾಲುಗಟ್ಟಿ ನಿಂತಿರುತ್ತವೆ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ, ಪೀಣ್ಯಗಳಲ್ಲಿ ವಾರವೆಲ್ಲ ದುಡಿದವರು ಹೆಂಡಿರು ಮಕ್ಕಳೊಡನೆ ಸೂರ್ಯೋದಯವನ್ನು ಕಾಣಲು ನಸುಕಿಗೇ ಎದ್ದು ಬಂದಿರುತ್ತಾರೆ. ಮಂಜಿನ ತೆರೆ ಸರಿದೊಡನೆ ಎಲ್ಲರ ದೃಷ್ಟಿಯೂ ಪೂರ್ವಕ್ಕೆ. ಅದೇ ವೇಳೆಗೆ ಬೆನ್ನ ಹಿಂದಿನ ಬಂಡೆಯ ಪೊದೆಯಿಂದ ಹಕ್ಕಿಯೊಂದು ಉಲಿಯುತ್ತದೆ. ತಿರುಗಿ ನೋಡುವವರು ವಿರಳ. ದಕ್ಷಿಣ ಭಾರತವನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲಿಯೂ ಕಾಣಸಿಗದ ಹಕ್ಕಿ ಅದೆಂಬುದನ್ನು ಬಲ್ಲವರು ಇನ್ನೂ ವಿರಳ.

ಅದರ ಹೆಸರು ಹಳದಿ ಕೊರಳಿನ ಪಿಕಳಾರ.

ಪಿಕಳಾರವೆಂದರೆ ಬೆಂಗಳೂರಿನವರಿಗೆ ಅಪರಿಚಿತವಲ್ಲ. ಕರಿಯ ತಲೆಯ, ಬಾಲದ ಬುಡ ಕೆಂಪಾದ, ಬುಲ್‌ಬುಲ್ ಎಂದೂ ಕರೆಸಿಕೊಳ್ಳುವ ಸಾಮಾನ್ಯ ಪಿಕಳಾರವು ಕೈತೋಟಗಳಲ್ಲಿ ಗೂಡು ಕಟ್ಟುತ್ತದೆ. ಬಹುಮಹಡಿ ಕಟ್ಟಡದ ಬಾಲ್ಕನಿಯ ಹೂಕುಂಡವೂ ಅದಕ್ಕೆ ಸಾಕು. ಅದರ ಈ ದಾಯಾದಿಗೆ ಜುಟ್ಟಿಲ್ಲ. ಉದ್ದ ಸುಮಾರು ೨೦ ಸೆಂಟಿಮೀಟರ್; ಬೆನ್ನು ಮಾಸಲು ಹಸುರು, ಎದೆ ಬೂದು; ಕೊರಳು ಮತ್ತು ಬಾಲದ ತುದಿ ಹಳದಿ. ಬಣ್ಣಕ್ಕಿಂತಲೂ ಸ್ವಭಾವದಲ್ಲಿ ಅಂತರ ಹೆಚ್ಚು. ಅದು ಊರಿನೊಳಗೆ ಬಂದು ನೆಲೆಸದು. ಹೆಬ್ಬಂಡೆಗಳು ಒಂದರ ಮೇಲೊಂದು ಒರಗಿದ ಬೆಟ್ಟ, ಅವುಗಳ ಸಂದಿನಲ್ಲಿ ಬೆಳೆದ ಕುರುಚಲು ಕಾಡು, ಆ ಕಾಡಿನ ಹಣ್ಣು ಮತ್ತು ಹುಳುಗಳು: ಇಷ್ಟೂ ಕೂಡಿದ ಎಡೆಯೇ ಅದಕ್ಕೆ ಬೇಕು. ನಂದಿ, ಸಾವನದುರ್ಗ, ರಾಮನಗರದ ಬೆಟ್ಟಗಳು ಅದರ ಮನೆ. ಆಂಧ್ರ, ತಮಿಳುನಾಡುಗಳಲ್ಲಿಯೂ ಇಂಥ ಗುಡ್ಡಗಳಲ್ಲಿ ಅದು ಚದರಿಹೋಗಿದೆ.

ಜೆರ್ಡನ್ ಎಂಬ ಆಂಗ್ಲ ವೈದ್ಯನು ೧೮೪೫ರ ಸುಮಾರಿಗೆ ಇದನ್ನು ಮೊದಲು ಶಾಸ್ತ್ರೀಯವಾಗಿ ವರ್ಣಿಸಿದನು. ಇಂದು ಇದು ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪು ಪಟ್ಟಿಯಲ್ಲಿದೆ. ಆ ಪಟ್ಟಿಯಲ್ಲಿ ಅಳಿವಿನತ್ತ ಇಳಿಯುವ ಮೂರು ಮೆಟ್ಟಿಲುಗಳಿವೆ. ಇದು ಮೊದಲನೆಯದರ ಮೇಲೆ ನಿಂತಿದೆ. ಬೆಳೆದ ಹಕ್ಕಿಗಳು ೨,೫೦೦ಕ್ಕೆ ಕಡಮೆಯಿಲ್ಲ, ೧೦,೦೦೦ವನ್ನು ಮುಟ್ಟಲಾರವು, ಆ ಸಂಖ್ಯೆಯೂ ಇಳಿಯುತ್ತಿದೆ ಎಂಬುದು ತಜ್ಞರ ಅಂದಾಜು.

ಇಳಿಯುತ್ತಿರುವುದೇಕೆ? ಕಾಳ್ಗಿಚ್ಚು, ಸೌದೆಗಾಗಿ ಪೊದೆಗಳ ಕಡಿತ, ಪ್ರವಾಸಿಗರ ಸೌಕರ್ಯಕ್ಕೆಂದು ಗಿಡಗಂಟಿಗಳ ಸವರುವಿಕೆ—ಇವೆಲ್ಲ ಕಾರಣಗಳೇ. ಆದರೆ ಎಲ್ಲಕ್ಕಿಂತ ಗಟ್ಟಿಯಾದ ಕಾರಣ ಕಲ್ಲು. ನಗರದ ಹೊರವಲಯದಲ್ಲಿ ಏಳುತ್ತಿರುವ ಕಚೇರಿಗಳಿಗೂ ವಸತಿ ಗೋಪುರಗಳಿಗೂ ಜಲ್ಲಿ ಬೇಕು, ಅಡಿಪಾಯಕ್ಕೆ ಸೈಜುಗಲ್ಲು ಬೇಕು. ನದಿಯ ಮರಳಿಗೆ ನಿರ್ಬಂಧ ಬಂದ ಮೇಲೆ ಮರಳನ್ನೂ ಬಂಡೆಯಿಂದಲೇ ಅರೆದು ತೆಗೆಯಲಾಗುತ್ತಿದೆ. ಎಂ ಸ್ಯಾಂಡ್ ಎಂಬುದು ಅದೇ. ಟಿಪ್ಪರ್ ಲಾರಿಯಲ್ಲಿ ಬಂದಿಳಿಯುವ ಪ್ರತಿಯೊಂದು ಲೋಡೂ ಯಾವುದೋ ಒಂದು ಗುಡ್ಡದಿಂದ ಹೊರಟದ್ದು.

ಆ ಗುಡ್ಡಗಳಿಗೆ ಕಂದಾಯದ ಲೆಕ್ಕದಲ್ಲಿ ಬಹುಪಾಲು ದೊರೆತಿರುವ ಹೆಸರು 'ಖರಾಬು'. ಉಳುಮೆಗೆ ಬಾರದ ನೆಲವೆಂದು ಅದರ ಅರ್ಥ. ಉಳುವವನಿಗೆ ಅದು ಸರಿಯಾದ ಮಾತೇ. ಆದರೆ ಪಿಕಳಾರಕ್ಕೆ ಉಳಿದ ನೆಲವೆಲ್ಲ ಖರಾಬು. ಬಾಳಲು ಯೋಗ್ಯವಾದದ್ದು ಅದೊಂದೇ. ಹಣ್ಣು ತಿಂದು ಬೀಜವನ್ನು ಕಲ್ಲಿನ ಸಂದುಗಳಿಗೆ ಸಾಗಿಸುವ ಇಂಥ ಹಕ್ಕಿಗಳಿಂದಲೇ ಆ ಕುರುಚಲು ಕಾಡು ಮತ್ತೆ ಮತ್ತೆ ಚಿಗುರುತ್ತದೆ.

ಹಾಗಾದರೆ ಜನರು ಮನೆ ಕಟ್ಟಬಾರದೇ ಎಂದು ಯಾರಾದರೂ ಕೇಳಬಹುದು. ಕಟ್ಟಲೇಬೇಕು. ವಿಚಾರ ಮಾಡಬೇಕಾದುದು ಯಾವ ಬೆಟ್ಟವನ್ನು ಒಡೆಯಬಹುದು, ಯಾವುದನ್ನು ಬಿಡಬೇಕು ಎಂಬುದನ್ನು. ಕಡಿದ ಕಾಡನ್ನು ಮತ್ತೆ ಬೆಳೆಸುವ ಆಸೆಯಾದರೂ ಉಂಟು. ರಾಮನಗರದ ಬಂಡೆಗಳ ವಯಸ್ಸಾದರೋ ಸುಮಾರು ೨೫೦ ಕೋಟಿ ವರ್ಷ. ಅವನ್ನು ಸಿಡಿಸಿದ ಗುಳಿಯಲ್ಲಿ ಯಾವ ಇಲಾಖೆಯೂ ಬೆಟ್ಟವನ್ನು ನೆಡಲಾರದು.

ದಾರಿಯೇನೂ ಇಲ್ಲವೆಂದಲ್ಲ. 'ಶೋಲೆ' ಚಿತ್ರದಿಂದ ಮನೆಮಾತಾದ ರಾಮನಗರದಲ್ಲಿ, ರಾಮದೇವರ ಬೆಟ್ಟದ ಸುಮಾರು ೩೪೬ ಹೆಕ್ಟೇರ್ ಪ್ರದೇಶವನ್ನು ಸರ್ಕಾರವು ೨೦೧೨ರಲ್ಲಿ ರಣಹದ್ದುಗಳ ಅಭಯಧಾಮವೆಂದು ಘೋಷಿಸಿತು. ಹದ್ದಿಗೆಂದು ಕಾದ ಬಂಡೆಯ ಮರೆಯಲ್ಲಿ ಪಿಕಳಾರಕ್ಕೂ ಆಶ್ರಯ ದೊರೆಯಿತು. ಈ ಹಕ್ಕಿಗೆ ಪಂಜರ ಬೇಕಿಲ್ಲ, ಆಹಾರ ನೀಡುವವರು ಬೇಕಿಲ್ಲ. ಬಂಡೆಯನ್ನೂ ಪೊದೆಯನ್ನೂ ಇದ್ದಂತೆಯೇ ಬಿಟ್ಟರೆ ತನ್ನ ಸಂಸಾರವನ್ನು ತಾನೇ ನೋಡಿಕೊಳ್ಳುತ್ತದೆ.

ಸೂರ್ಯೋದಯ ಮುಗಿದೊಡನೆ ನಂದಿಯ ಜನಸಂದಣಿ ತಿಂಡಿಯ ಕಡೆಗೆ ತಿರುಗುತ್ತದೆ. ಆಗ ಮಕ್ಕಳನ್ನು ಬಂಡೆಗಳ ಕಡೆಗೆ ಕರೆದೊಯ್ದು ಹತ್ತು ನಿಮಿಷ ಸದ್ದಿಲ್ಲದೆ ನಿಂತರೆ, ಪೊದೆಯ ತುದಿಗೆ ಬಂದು ಕುಳಿತ ಹಳದಿ ಕೊರಳನ್ನು ಅವರಿಗೆ ತೋರಿಸುವ ಭಾಗ್ಯ ದೊರಕೀತು. ಒಮ್ಮೆ ಕಂಡ ಮಗುವಿಗೆ ಆ ಗುಡ್ಡವನ್ನು ಯಾರೇ ಖರಾಬು ಎಂದರೂ ನಂಬಿಕೆ ಬಾರದು.